ನಂದುವ ಬೆಳಕನ್ನು ಅಳೆದ ಎಡ್ಮಂಡ್ ಬೆಕೆರೆಲ್

ದೀಪವನ್ನು ಹಚ್ಚಿದರೆ ಬೆಳಕು, ಆರಿಸಿದರೆ ಕತ್ತಲೆ. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಈ ಮಾತಿಗೆ ಒಳಪಡದ ವಸ್ತುಗಳು ಕೆಲವುಂಟು. ಅವುಗಳನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿಟ್ಟು ಕತ್ತಲೆಯ ಕೋಣೆಗೆ ತಂದರೆ ಅವು ತಾವಾಗಿಯೇ ಮಂದವಾಗಿ ಹೊಳೆಯುತ್ತವೆ. ಜಾತ್ರೆಯ ಅಂಗಡಿಗಳಲ್ಲಿ ಮಾರುವ, ರಾತ್ರಿಯಲ್ಲಿ ಹಸುರಾಗಿ ಮಿನುಗುವ ಪ್ಲಾಸ್ಟಿಕ್ ಮೂರ್ತಿಗಳನ್ನು ನೀವು ನೋಡಿರಬಹುದು. ಹಗಲಿನಲ್ಲಿ ಕುಡಿದ ಬೆಳಕನ್ನು ಅವು ಇರುಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸುತ್ತವೆ. ಹೊತ್ತು ಕಳೆದಂತೆ ಆ ಹೊಳಪು ಕುಂದುತ್ತದೆ, ಕೊನೆಗೆ ಇಲ್ಲವಾಗುತ್ತದೆ.

ಮಾನವನು ಈ ವಿಸ್ಮಯವನ್ನು ಬಹುಕಾಲದಿಂದ ಬಲ್ಲನು. 17ನೆಯ ಶತಮಾನದ ಆರಂಭದಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ವಿಂಚೆಂಜೊ ಕಾಶ್ಯರೋಲೊ ಎಂಬವನಿದ್ದನು. ಪಾದರಕ್ಷೆ ಹೊಲಿಯುವುದು ಅವನ ವೃತ್ತಿ. ಕೀಳು ಲೋಹವನ್ನು ಚಿನ್ನವಾಗಿಸಬೇಕೆಂಬುದು ಅವನ ಹಂಬಲ. ಊರಿನ ಸಮೀಪದ ಬೆಟ್ಟದಲ್ಲಿ ದೊರೆತ ಭಾರವಾದ ಕಲ್ಲೊಂದನ್ನು ಅವನು ಇದ್ದಿಲಿನೊಡನೆ ಸುಟ್ಟನು. ಚಿನ್ನವೇನೋ ದೊರೆಯಲಿಲ್ಲ. ಆದರೆ ಆ ಕಲ್ಲು ಬಿಸಿಲುಂಡು ಕತ್ತಲೆಯಲ್ಲಿ ಹೊಳೆಯತೊಡಗಿತು. ಯುರೋಪಿನ ಪಂಡಿತರೆಲ್ಲರೂ ಅದನ್ನು ಕಂಡು ಬೆರಗಾದರು. ಅದು ಏಕೆ ಹೊಳೆಯುತ್ತದೆ ಎಂದು ಎರಡು ಶತಮಾನಗಳಿಗೂ ಮಿಕ್ಕಿ ಚರ್ಚೆ ನಡೆಯಿತು. ಆದರೆ ಆ ಬೆಳಕು ಯಾವ ಕ್ರಮದಲ್ಲಿ ಕುಂದುತ್ತದೆ, ಎಷ್ಟು ಕಾಲ ಬದುಕಿರುತ್ತದೆ ಎಂಬುದನ್ನು ಸೆಕೆಂಡಿನ ಅತಿ ಸಣ್ಣ ಭಾಗಗಳವರೆಗೂ ಅಳೆದು ಹೇಳುವ ದಾರಿಯನ್ನು ತೋರಿಸಿದವನು 19ನೆಯ ಶತಮಾನದ ಫ್ರಾನ್ಸಿನ ಭೌತವಿಜ್ಞಾನಿ ಎಡ್ಮಂಡ್ ಬೆಕೆರೆಲ್.

ಎಡ್ಮಂಡನು 1820ರ ಮಾರ್ಚ್ 24ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ಅವನ ತಂದೆ ಆಂತ್ವಾನ್ ಸೆಸಾರ್ ಬೆಕೆರೆಲ್ ವಿದ್ಯುತ್ತಿನ ಸಂಶೋಧನೆಯಲ್ಲಿ ಹೆಸರುಗಳಿಸಿದ ವಿದ್ವಾಂಸ. ಫ್ರಾನ್ಸಿನ ವಿಜ್ಞಾನ ಅಕಾಡೆಮಿಯ ಸದಸ್ಯ. ಪ್ಯಾರಿಸ್ಸಿನಲ್ಲಿರುವ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯವು 1838ರಲ್ಲಿ ಭೌತವಿಜ್ಞಾನದ ಪೀಠವೊಂದನ್ನು ಸ್ಥಾಪಿಸಿ ಆತನನ್ನು ಪ್ರಾಧ್ಯಾಪಕನನ್ನಾಗಿ ನೇಮಿಸಿತು. ಅದು ಬರಿಯ ಪ್ರದರ್ಶನಶಾಲೆಯಾಗಿರಲಿಲ್ಲ. ಸಸ್ಯೋದ್ಯಾನ, ಖನಿಜ ಸಂಗ್ರಹ, ಪ್ರಯೋಗಶಾಲೆ, ಉಪನ್ಯಾಸ ಮಂದಿರ ಇವೆಲ್ಲವನ್ನೂ ಒಳಗೊಂಡ ವಿದ್ಯಾಕೇಂದ್ರವಾಗಿತ್ತು.

ಅದೇ ವರ್ಷ ಹದಿನೆಂಟು ವಯಸ್ಸಿನ ಎಡ್ಮಂಡನ ಮುಂದೆ ಎರಡು ಹೆದ್ದಾರಿಗಳು ತೆರೆದುಕೊಂಡವು. ಫ್ರಾನ್ಸಿನ ಅತ್ಯಂತ ಪ್ರತಿಷ್ಠಿತ ವಿದ್ಯಾಸಂಸ್ಥೆಗಳಾದ ಎಕೋಲ್ ನಾರ್ಮಾಲ್ ಮತ್ತು ಎಕೋಲ್ ಪಾಲಿಟೆಕ್ನಿಕ್ ಎರಡರಲ್ಲಿಯೂ ಅವನಿಗೆ ಪ್ರವೇಶ ದೊರೆಯಿತು. ಅಲ್ಲಿ ಓದಿದವರಿಗೆ ಪದವಿ, ಅಧಿಕಾರ, ಗೌರವಗಳು ತಾವಾಗಿಯೇ ಒಲಿಯುತ್ತಿದ್ದ ಕಾಲವದು. ಎಡ್ಮಂಡನು ಎರಡನ್ನೂ ಬಿಟ್ಟು ಮೂರನೆಯ ಕಿರುದಾರಿಯನ್ನು ಆರಿಸಿಕೊಂಡನು. ತಂದೆಯ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿ ನಿಂತನು. ಪುಸ್ತಕದಿಂದ ಕಲಿಯುವುದಕ್ಕಿಂತ ಉಪಕರಣವನ್ನು ಕೈಯಲ್ಲಿ ಹಿಡಿದು ಕಲಿಯುವುದು ಅವನಿಗೆ ಹೆಚ್ಚು ಪ್ರಿಯವಾಯಿತು.

ಆ ಆಯ್ಕೆಯ ಫಲ ಬಹುಬೇಗ ಕಾಣಿಸಿಕೊಂಡಿತು. 1839ರಲ್ಲಿ, ಇನ್ನೂ ಹತ್ತೊಂಬತ್ತು ವರ್ಷದವನಾಗಿದ್ದಾಗಲೇ, ಅವನು ಒಂದು ಹೊಸ ಸಂಗತಿಯನ್ನು ಕಂಡುಹಿಡಿದನು. ಆಮ್ಲ ಬೆರೆತ ದ್ರಾವಣದಲ್ಲಿ ಪ್ಲಾಟಿನಂ ತಗಡುಗಳನ್ನು ಇಳಿಬಿಟ್ಟು, ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣವನ್ನು ಲೇಪಿಸಿದ ತಗಡಿನ ಮೇಲೆ ಬೆಳಕು ಬೀಳುವಂತೆ ಮಾಡಿದಾಗ ತಂತಿಯಲ್ಲಿ ವಿದ್ಯುತ್ತು ಹರಿಯಿತು. ಬೆಳಕಿನಿಂದ ನೇರವಾಗಿ ವಿದ್ಯುತ್ತು ಹುಟ್ಟಿದ್ದನ್ನು ಜಗತ್ತು ಕಂಡದ್ದು ಅದೇ ಮೊದಲು. ಇಂದು ಮನೆಗಳ ಮಾಳಿಗೆಗಳ ಮೇಲೆ ಹರಡಿರುವ ಸೌರಫಲಕಗಳ ವಂಶವೃಕ್ಷದ ಬೇರು ಇರುವುದು ಈ ಪ್ರಯೋಗದಲ್ಲಿಯೇ.

ಅಲ್ಲಿಂದ ಮುಂದೆ ಬೆಳಕೇ ಅವನ ಬಾಳಿನ ವಿಷಯವಾಯಿತು. 1842ರಲ್ಲಿ ಅವನು ಸೂರ್ಯನ ರೋಹಿತದ ಛಾಯಾಚಿತ್ರವನ್ನು ತೆಗೆದನು. ಕಣ್ಣಿಗೆ ಕಾಣದ ಅತಿನೇರಿಳೆಯ ಭಾಗದಲ್ಲಿಯೂ ಕಪ್ಪು ಗೆರೆಗಳಿರುವುದು ಆ ಚಿತ್ರದಲ್ಲಿ ಮೂಡಿತ್ತು. 1848ರಲ್ಲಿ ರೋಹಿತದ ಬಣ್ಣಗಳನ್ನು ಬಣ್ಣಗಳಾಗಿಯೇ ಬೆಳ್ಳಿಯ ತಗಡಿನ ಮೇಲೆ ಮೂಡಿಸಿದನು. ಆದರೆ ಆ ಚಿತ್ರಗಳನ್ನು ಸ್ಥಿರಗೊಳಿಸುವ ಉಪಾಯ ಅವನಿಗೆ ಸಿಗಲಿಲ್ಲ. ಬೆಳಕಿಗೆ ಹಿಡಿದರೆ ಅವು ಮಾಸುತ್ತಿದ್ದವು. ಆದುದರಿಂದ ಅವುಗಳನ್ನು ಕತ್ತಲೆಯಲ್ಲಿಯೇ ಇಡಬೇಕಾಗಿತ್ತು. ಬೆಳಕಿನಿಂದ ಹುಟ್ಟಿದ ಬಣ್ಣ ಬೆಳಕಿನಿಂದಲೇ ಅಳಿಯುವುದನ್ನು ಅವನು ಕಣ್ಣಾರೆ ಕಂಡನು.

ಈ ನಡುವೆ ಅವನ ಮನಸ್ಸು ಹೊಳೆಯುವ ವಸ್ತುಗಳತ್ತ ತಿರುಗಿತ್ತು. 1839ರಲ್ಲಿಯೇ ತಂದೆಯೊಡನೆಯೂ ಬಿಯೋ ಎಂಬ ಹಿರಿಯ ವಿಜ್ಞಾನಿಯೊಡನೆಯೂ ಸೇರಿ ಈ ವಿಷಯದಲ್ಲಿ ಪ್ರಯೋಗಗಳನ್ನು ನಡೆಸಿದ್ದನು. ಬೊಲೋನ್ಯದ ಕಲ್ಲಿನಂತಹ ವಸ್ತುಗಳು ಬೆಳಕನ್ನು ತಡೆದ ಮೇಲೆಯೂ ಹೊಳೆಯುತ್ತವೆ. ಇದನ್ನು ಅನುದೀಪ್ತಿ ಎನ್ನುತ್ತಾರೆ. ಬೇರೆ ಕೆಲವು ವಸ್ತುಗಳು ಬೆಳಕು ಬೀಳುತ್ತಿರುವಾಗ ಮಾತ್ರ ಬೇರೊಂದು ಬಣ್ಣದಿಂದ ಹೊಳೆಯುತ್ತವೆ. ಬೆಳಕನ್ನು ತಡೆದ ಕೂಡಲೇ ಆರಿಹೋಗುತ್ತವೆ. ಇದು ಪ್ರತಿದೀಪ್ತಿ. 1852ರಲ್ಲಿ ಇಂಗ್ಲೆಂಡಿನ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ ಈ ಎರಡನೆಯ ಬಗೆಯನ್ನು ಕುರಿತು ಮಹತ್ತ್ವದ ಪ್ರಬಂಧವನ್ನು ಪ್ರಕಟಿಸಿ ಅದಕ್ಕೆ ಪ್ರತ್ಯೇಕವಾದ ಹೆಸರನ್ನಿಡಲು ಕಾರಣನಾದನು.

ಇಲ್ಲಿ ಎಡ್ಮಂಡನಿಗೆ ಒಂದು ಸಂದೇಹ ಮೂಡಿತು. ಇವು ನಿಜವಾಗಿಯೂ ಎರಡು ಬೇರೆ ಬೇರೆ ಸಂಗತಿಗಳೋ, ಅಥವಾ ಒಂದೇ ಸಂಗತಿಯ ದೀರ್ಘಾಯುಷ್ಯ ಮತ್ತು ಅಲ್ಪಾಯುಷ್ಯದ ರೂಪಗಳೋ? ಕೂಡಲೇ ಆರಿಹೋಗುತ್ತದೆ ಎಂದು ನಮ್ಮ ಕಣ್ಣು ಹೇಳುತ್ತದೆ. ಆದರೆ ಕಣ್ಣು ಬಹಳ ನಿಧಾನವಾದ ಸಾಕ್ಷಿ. ಸೆಕೆಂಡಿನ ನೂರರಲ್ಲೊಂದು ಭಾಗದಲ್ಲಿ ನಡೆದುಹೋದ ಘಟನೆಯನ್ನು ಅದು ಬಿಡಿಯಾಗಿ ಕಾಣಲಾರದು. ಬೆಳಕು ಬೀಳುವುದು ನಿಂತ ಮೇಲೆ ಆ ಹೊಳಪು ಸೆಕೆಂಡಿನ ಸಾವಿರದಲ್ಲೊಂದು ಭಾಗ ಉಳಿದಿದ್ದರೂ ನಮಗೆ ಗೊತ್ತಾಗುವುದಿಲ್ಲ. ಆದುದರಿಂದ ಕಣ್ಣಿನ ಸೋಮಾರಿತನವನ್ನು ಮೀರುವ ಯಂತ್ರವೊಂದು ಬೇಕು. ಅಂತಹ ಯಂತ್ರವನ್ನು 1850ರ ದಶಕದ ಕೊನೆಯ ಭಾಗದಲ್ಲಿ ಎಡ್ಮಂಡನು ರಚಿಸಿದನು. ಅದರ ಹೆಸರು ಫಾಸ್ಫೊರೊಸ್ಕೋಪ್; ಕನ್ನಡದಲ್ಲಿ ಅದನ್ನು ಅನುದೀಪ್ತಿದರ್ಶಕ ಎನ್ನಬಹುದು.

ಈ ಉಪಕರಣದ ರಚನೆ ಸರಳ. ಹಿಂದಿರುವ ಯುಕ್ತಿ ಅಪೂರ್ವ. ಒಳಗೆಲ್ಲ ಕಪ್ಪು ಬಳಿದ ಒಂದು ದುಂಡನೆಯ ಡಬ್ಬಿ. ಅದರ ಎರಡು ಮುಖಗಳಲ್ಲಿ ಎದುರುಬದುರಾಗಿ ಒಂದೊಂದು ಕಿಂಡಿ. ಒಂದು ಕಿಂಡಿಯಿಂದ ಸೂರ್ಯನ ಬೆಳಕು ಒಳಬರುತ್ತದೆ. ಇನ್ನೊಂದು ಕಿಂಡಿಯಲ್ಲಿ ನೋಡುವವನು ಕಣ್ಣಿಡುತ್ತಾನೆ. ಪರೀಕ್ಷಿಸಬೇಕಾದ ವಸ್ತು ನಡುವೆ ನಿಂತಿರುತ್ತದೆ. ಅದರ ಆಚೆಗೊಂದು ಈಚೆಗೊಂದು, ಒಂದೇ ಅಚ್ಚಿಗೆ ಜೋಡಿಸಿದ ಎರಡು ತಟ್ಟೆಗಳಿವೆ. ಪ್ರತಿಯೊಂದು ತಟ್ಟೆಯಲ್ಲಿಯೂ ಸಮನಾದ ಅಂತರದಲ್ಲಿ ರಂಧ್ರಗಳಿವೆ. ಆದರೆ ಒಂದು ತಟ್ಟೆಯ ರಂಧ್ರಗಳು ಇನ್ನೊಂದರ ರಂಧ್ರಗಳಿಗೆ ಎದುರಾಗಿಲ್ಲ. ಒಂದರ ರಂಧ್ರ ಇರುವೆಡೆ ಮತ್ತೊಂದರ ಗೋಡೆ ಇದೆ. ಹೀಗಾಗಿ ವಸ್ತುವಿನ ಮೇಲೆ ಬೆಳಕು ಬೀಳುವಾಗ ನೋಡುವವನ ಬಾಗಿಲು ಮುಚ್ಚಿರುತ್ತದೆ. ನೋಡುವವನ ಬಾಗಿಲು ತೆರೆಯುವ ಹೊತ್ತಿಗೆ ಬೆಳಕಿನ ಬಾಗಿಲು ಮುಚ್ಚಿರುತ್ತದೆ. ಆದುದರಿಂದ ಸೂರ್ಯನ ಬೆಳಕು ನೇರವಾಗಿ ಕಣ್ಣಿಗೆ ತಲುಪುವಂತೆಯೇ ಇಲ್ಲ. ಏನಾದರೂ ಕಂಡರೆ ಅದು ವಸ್ತುವು ತನ್ನೊಳಗೆ ಉಳಿಸಿಕೊಂಡು ಆಮೇಲೆ ಬಿಟ್ಟುಕೊಟ್ಟ ಬೆಳಕೇ ಆಗಿರಬೇಕು.

ಅಚ್ಚಿಗೆ ಹಲ್ಲುಚಕ್ರಗಳನ್ನು ಜೋಡಿಸಿ ಕೈಹಿಡಿಯಿಂದ ತಿರುಗಿಸುವ ವ್ಯವಸ್ಥೆ ಇತ್ತು. ನಿಧಾನವಾಗಿ ತಿರುಗಿಸಿದಾಗ ಡಬ್ಬಿಯೊಳಗೆ ಕತ್ತಲೆ. ವೇಗ ಹೆಚ್ಚಿಸಿದಂತೆ ಬೆಳಕು ಬಿದ್ದ ಗಳಿಗೆಗೂ ನೋಡುವ ಗಳಿಗೆಗೂ ನಡುವಿನ ಅಂತರ ಕಿರಿದಾಗುತ್ತದೆ. ಯಾವುದೋ ಒಂದು ವೇಗದಲ್ಲಿ, ಅದುವರೆಗೆ ಕಪ್ಪಾಗಿದ್ದ ವಸ್ತು ಕೆಂಡದಂತೆ ಬೆಳಗತೊಡಗುತ್ತದೆ. ಆ ವೇಗವನ್ನು ತಿಳಿದರೆ ವಸ್ತುವಿನ ಹೊಳಪು ಎಷ್ಟು ಕಾಲ ಉಳಿಯಿತೆಂಬುದನ್ನು ಲೆಕ್ಕಹಾಕಬಹುದು. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಿರಿಯ ಅವಧಿಯನ್ನೂ ಈ ಸಾಧನದಿಂದ ಗುರುತಿಸಲು ಸಾಧ್ಯವಾಯಿತು. ವಿದ್ಯುತ್ ಮೋಟಾರಾಗಲಿ ಬೆಳಕನ್ನು ಗುರುತಿಸುವ ಯಂತ್ರಗಳಾಗಲಿ ಇಲ್ಲದ ದಿನಗಳಲ್ಲಿ ಕೈಯಿಂದ ತಿರುಗಿಸಿ ಕಣ್ಣಿನಿಂದ ನೋಡಿ ಮಾಡಿದ ಅಳತೆ ಇದು.

ಎಡ್ಮಂಡನು ವಸ್ತುಸಂಗ್ರಹಾಲಯದ ಖನಿಜಗಳನ್ನೂ ಪ್ರಯೋಗಶಾಲೆಯ ಲವಣಗಳನ್ನೂ ಒಂದೊಂದಾಗಿ ಈ ಡಬ್ಬಿಯೊಳಗಿಟ್ಟು ಪರೀಕ್ಷಿಸಿದನು. ಬಿಳಿಯ ಕ್ಯಾಲ್ಸೈಟ್ ಹರಳು ಕಿತ್ತಳೆ ಬಣ್ಣದಿಂದ ಬೆಳಗಿತು. ಮಾಣಿಕ್ಯ ಕೆಂಪಾಗಿ ಉರಿಯಿತು. ಯುರೇನಿಯಂ ಬೆರೆತ ಗಾಜು ಹಸುರು ಕಾಂತಿಯನ್ನು ಸೂಸಿತು. ಬರಿಗಣ್ಣಿಗೆ ತಕ್ಷಣವೇ ಆರಿಹೋಗುವಂತೆ ಕಾಣುತ್ತಿದ್ದ ಯುರೇನಿಯಂ ಲವಣಗಳ ಹೊಳಪು ಸೆಕೆಂಡಿನ ಕೆಲವೇ ಸಾವಿರಾಂಶಗಳ ಕಾಲ ಉಳಿಯುತ್ತದೆ ಎಂಬುದು ತಿಳಿಯಿತು. ಹೊಳೆಯುವ ದ್ರಾವಣಗಳು ಮಾತ್ರ ಎಷ್ಟು ವೇಗವಾಗಿ ತಿರುಗಿಸಿದರೂ ಕತ್ತಲೆಯಾಗಿಯೇ ಉಳಿದವು. ಅವುಗಳ ಆಯುಷ್ಯ ಯಂತ್ರದ ಮಿತಿಗಿಂತಲೂ ಕಿರಿದಾಗಿತ್ತು. ಪ್ರತಿದೀಪ್ತಿ, ಅನುದೀಪ್ತಿಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ಕಾಲದ ವ್ಯತ್ಯಾಸ ಎಂಬ ನಿರ್ಣಯಕ್ಕೆ ಎಡ್ಮಂಡನು ಬಂದನು. ಮುಂದಿನ ಶತಮಾನದ ವಿಜ್ಞಾನವು ಇವೆರಡರ ನಡುವೆ ಬೇರೆ ಸೂಕ್ಷ್ಮ ಭೇದಗಳನ್ನೂ ಕಂಡಿತು. ಆದರೆ ಎಷ್ಟೇ ಕ್ಷಣಿಕವಾದ ಹೊಳಪಿಗೂ ತನ್ನದೇ ಆದ ಆಯುಷ್ಯವುಂಟು ಎಂಬ ಅವನ ಮೂಲ ವಿಚಾರ ಸ್ಥಿರವಾಗಿ ನಿಂತಿತು.

ಅವನು ಇಷ್ಟಕ್ಕೇ ತೃಪ್ತನಾಗಲಿಲ್ಲ. ಹೊಳಪು ಯಾವ ಕ್ರಮದಲ್ಲಿ ಕುಂದುತ್ತದೆ ಎಂಬುದನ್ನೂ ಅಳೆದನು. ಯುರೇನಿಯಂ ಲವಣಗಳಂತಹ ವಸ್ತುಗಳಲ್ಲಿ ಈ ಕುಂದುವಿಕೆ ಒಂದು ಸರಳ ನಿಯಮವನ್ನು ಅನುಸರಿಸುತ್ತದೆ. ಸಮನಾದ ಕಾಲದಲ್ಲಿ ಹೊಳಪು ಸಮನಾದ ಪಾಲನ್ನು ಕಳೆದುಕೊಳ್ಳುತ್ತದೆ. ಮೊದಲಿಗೆ ಹೊಳಪು 80 ಎಂದಿಟ್ಟುಕೊಳ್ಳೋಣ. ಒಂದು ಅವಧಿ ಕಳೆದಾಗ ಅದು 40 ಆದರೆ, ಅಷ್ಟೇ ಅವಧಿ ಮತ್ತೊಮ್ಮೆ ಕಳೆದಾಗ 20, ಮಗುದೊಮ್ಮೆ ಕಳೆದಾಗ 10 ಆಗುತ್ತದೆ. ಬೊಲೋನ್ಯದ ಕಲ್ಲಿನ ಜಾತಿಗೆ ಸೇರಿದ ಗಂಧಕದ ಸಂಯುಕ್ತಗಳು ಈ ನಿಯಮಕ್ಕೆ ಬಗ್ಗಲಿಲ್ಲ. ಅವುಗಳ ಹೊಳಪು ಮೊದಲು ಬೇಗಬೇಗನೆ ಇಳಿದು, ಅನಂತರ ಬಹು ನಿಧಾನವಾಗಿ ಕುಂದುತ್ತಾ ಬಹುಕಾಲ ಉಳಿಯುತ್ತಿತ್ತು. ಅದಕ್ಕಾಗಿ ಎಡ್ಮಂಡನು ಬೇರೆಯ ಸೂತ್ರವನ್ನೇ ರಚಿಸಿದನು. ಅಲ್ಲದೆ, ಇಂತಹ ವಸ್ತುವನ್ನು ಬಿಸಿ ಮಾಡಿದರೆ ಅದು ಹೆಚ್ಚು ಉಜ್ಜ್ವಲವಾಗಿ ಹೊಳೆದು ಬೇಗನೆ ಬರಿದಾಗುತ್ತದೆ ಎಂಬುದನ್ನೂ ತೋರಿಸಿದನು. ಕೂಡಿಟ್ಟ ಧನವನ್ನು ಒಮ್ಮೆಗೇ ಖರ್ಚು ಮಾಡಿದವನ ಸ್ಥಿತಿ ಅದರದು.

ಇದೇ ಕಾಲದಲ್ಲಿ ಅವನು ಇನ್ನೊಂದು ಪ್ರಯೋಗವನ್ನೂ ಮಾಡಿದನು. ಗಾಳಿಯನ್ನು ಬಹುಮಟ್ಟಿಗೆ ತೆಗೆದ ಗಾಜಿನ ಕೊಳವೆಯೊಳಗೆ ಹೊಳೆಯುವ ವಸ್ತುಗಳನ್ನಿಟ್ಟು ವಿದ್ಯುತ್ತನ್ನು ಹರಿಸಿದನು. ಕೊಳವೆ ಬಣ್ಣಬಣ್ಣದ ಕಾಂತಿಯಿಂದ ಬೆಳಗಿತು. ಮುಂದೆ ನಮ್ಮ ಶಾಲೆಗಳಲ್ಲಿ, ಅಂಗಡಿಗಳಲ್ಲಿ ಬೆಳಗಿದ ಟ್ಯೂಬ್‌ಲೈಟುಗಳ ಪೂರ್ವಜ ಅದು.

ಗೌರವಗಳು ಒಂದೊಂದಾಗಿ ಅವನನ್ನು ಅರಸಿಕೊಂಡು ಬಂದವು. 1850ರ ದಶಕದ ಆರಂಭದಲ್ಲಿಯೇ ಪ್ಯಾರಿಸ್ಸಿನ ಕಲೆ ಮತ್ತು ಕೈಗಾರಿಕೆಗಳ ರಾಷ್ಟ್ರೀಯ ವಿದ್ಯಾಲಯದಲ್ಲಿ ಅವನು ಪ್ರಾಧ್ಯಾಪಕನಾಗಿದ್ದನು. 1863ರಲ್ಲಿ ವಿಜ್ಞಾನ ಅಕಾಡೆಮಿಯು ಅವನನ್ನು ಸದಸ್ಯನನ್ನಾಗಿ ಆರಿಸಿತು. 1867 ಮತ್ತು 1868ರಲ್ಲಿ ಬೆಳಕಿನ ಕಾರಣಗಳನ್ನೂ ಪರಿಣಾಮಗಳನ್ನೂ ಕುರಿತ ಅವನ ಗ್ರಂಥ ಎರಡು ಸಂಪುಟಗಳಲ್ಲಿ ಹೊರಬಂದಿತು. 1878ರಲ್ಲಿ ತಂದೆ ತೀರಿಕೊಂಡಾಗ ವಸ್ತುಸಂಗ್ರಹಾಲಯದ ಪೀಠ ಎಡ್ಮಂಡನಿಗೆ ಬಂದಿತು. ಆಗ ಅವನಿಗೆ ಐವತ್ತೆಂಟು ವರ್ಷ. ನಾಲ್ವತ್ತು ವರ್ಷಗಳ ಹಿಂದೆ ಸಹಾಯಕನಾಗಿ ಕಾಲಿಟ್ಟ ಸ್ಥಳದಲ್ಲಿಯೇ ಅವನು ಆಚಾರ್ಯನಾದನು.

ಅವನ ಬಾಳಿನ ಸಂಜೆಯಲ್ಲಿ ಒಂದು ದೊಡ್ಡ ವಿವಾದ ಎದ್ದಿತು. ಅಲ್ಯುಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಅಲ್ಯೂಮಿನಾ ಎಂಬುದು ಬಿಳಿಯ ವಸ್ತು. ಮಾಣಿಕ್ಯದ ಬಹುಭಾಗವೂ ಅದೇ. ಮಾಣಿಕ್ಯದಂತೆ ಅಲ್ಯೂಮಿನಾ ಕೂಡ ಅನುದೀಪ್ತಿದರ್ಶಕದಲ್ಲಿ ಕೆಂಪಾಗಿ ಹೊಳೆಯುವುದನ್ನು ಎಡ್ಮಂಡನು ಕಂಡಿದ್ದನು. ಆ ಹೊಳಪು ಅಲ್ಯೂಮಿನಾದ ಸ್ವಂತ ಗುಣವೆಂದು ಅವನು ನಂಬಿದ್ದನು. 1886ರ ಸುಮಾರಿಗೆ ಲಕಾಕ್ ದ ಬ್ವಾಬೊದ್ರಾನ್ ಎಂಬ ಫ್ರೆಂಚ್ ರಸಾಯನವಿಜ್ಞಾನಿ ಈ ಮಾತನ್ನು ಒಪ್ಪಲಿಲ್ಲ. ಅವನು 1879ರಲ್ಲಿ ಸಮೇರಿಯಂ ಎಂಬ ಧಾತುವನ್ನೂ 1886ರಲ್ಲಿ ಡಿಸ್ಪ್ರೋಸಿಯಂ ಎಂಬ ಧಾತುವನ್ನೂ ಕಂಡುಹಿಡಿದವನು. ವಸ್ತುಗಳನ್ನು ಶುದ್ಧೀಕರಿಸುವುದರಲ್ಲಿ ನಿಷ್ಣಾತ. ನಿಜವಾಗಿ ಶುದ್ಧವಾದ ಅಲ್ಯೂಮಿನಾದಲ್ಲಿ ಈ ಕೆಂಪು ಇಲ್ಲ, ಅದರಲ್ಲಿ ಕಣ್ಣಿಗೆ ಕಾಣದಷ್ಟು ಬೆರೆತಿರುವ ಕ್ರೋಮಿಯಂ ಈ ಕೆಂಪಿಗೆ ಕಾರಣ ಎಂಬುದು ಅವನ ವಾದ.

ಎಡ್ಮಂಡನು ತನ್ನ ಮತವನ್ನು ಬಿಡಲಿಲ್ಲ. ತನಗೆ ದೊರೆತ ಅತ್ಯಂತ ಶುದ್ಧವಾದ ಅಲ್ಯೂಮಿನಾದಲ್ಲಿಯೂ ಕೆಂಪು ಕಾಣುತ್ತದೆ ಎಂದು ಪ್ರತಿಪಾದಿಸಿದನು. ಅವನು ಕಂಡದ್ದೇನೋ ನಿಜವೇ. ಆದರೆ ಅವನ ಕಾಲದ ಶುದ್ಧತೆ ಸಾಕಷ್ಟು ಶುದ್ಧವಾಗಿರಲಿಲ್ಲ. ಕಾಲವು ಬ್ವಾಬೊದ್ರಾನನ ಪರವಾಗಿ ತೀರ್ಪು ನೀಡಿತು. ಮಾಣಿಕ್ಯದ ಕೆಂಪು ಕ್ರೋಮಿಯಂನದು. ಹೊಳೆಯುವ ಅನೇಕ ವಸ್ತುಗಳಲ್ಲಿ ಬೆಳಕನ್ನು ಕೊಡುವುದು ಮೈದುಂಬಿದ ಮೂಲವಸ್ತುವಲ್ಲ, ಅದರಲ್ಲಿ ಅಲ್ಲಲ್ಲಿ ಚದುರಿರುವ ಅನ್ಯ ಕಣಗಳು ಎಂಬ ಮಹತ್ತ್ವದ ತಿಳಿವಳಿಕೆ ಈ ಬಗೆಯ ವಿವಾದಗಳಿಂದ ಗಟ್ಟಿಯಾಯಿತು. ವಿವರಣೆಯಲ್ಲಿ ಎಡ್ಮಂಡನು ಸೋತನು. ಆದರೆ ಗೆದ್ದವರೂ ಸೋತವರೂ ಮುಂದೆ ಬಂದವರೂ ಕೈಗೆತ್ತಿಕೊಂಡದ್ದು ಅವನು ತೋರಿಸಿದ ಅಳತೆಯ ಮಾರ್ಗವನ್ನೇ. 1960ರಲ್ಲಿ ಅಮೆರಿಕದ ಥಿಯೊಡರ್ ಮೈಮನ್ ಜಗತ್ತಿನ ಮೊದಲ ಲೇಸರನ್ನು ಬೆಳಗಿಸಿದ್ದು ಇದೇ ಮಾಣಿಕ್ಯದಿಂದ. ಕ್ರೋಮಿಯಂ ತನ್ನ ಶಕ್ತಿಯನ್ನು ಸೆಕೆಂಡಿನ ಸಾವಿರದಲ್ಲಿ ಸುಮಾರು ಮೂರು ಭಾಗದಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಗುಣವೇ ಅದಕ್ಕೆ ಆಧಾರವಾಯಿತು.

ಎಡ್ಮಂಡನು 1891ರ ಮೇ 11ರಂದು ಪ್ಯಾರಿಸ್ಸಿನಲ್ಲಿ ನಿಧನ ಹೊಂದಿದನು. ಅವನ ಕೆಲಸ ಮಾತ್ರ ಮನೆಯೊಳಗೆ ನಿಲ್ಲದೆ ಮುಂದುವರಿಯಿತು. ಮಗ ಹೆನ್ರಿ ಬೆಕೆರೆಲ್ 1892ರಲ್ಲಿ ಅದೇ ಪೀಠವನ್ನೇರಿದನು. 1896ರಲ್ಲಿ ಕ್ಷಕಿರಣಗಳ ಸುದ್ದಿ ಹಬ್ಬಿದಾಗ, ಹೊಳೆಯುವ ವಸ್ತುಗಳಿಂದ ಅಂತಹ ಕಿರಣಗಳು ಬರುತ್ತವೆಯೇ ಎಂದು ಪರೀಕ್ಷಿಸಲು ಹೆನ್ರಿ ಆರಿಸಿಕೊಂಡದ್ದು ತಂದೆ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದ ಯುರೇನಿಯಂ ಲವಣಗಳನ್ನು. ಬಿಸಿಲಿಲ್ಲದ ದಿನಗಳಲ್ಲಿ ಕತ್ತಲೆಯಲ್ಲಿಟ್ಟಿದ್ದ ಲವಣವೂ ಛಾಯಾಫಲಕದ ಮೇಲೆ ಗುರುತು ಮೂಡಿಸಿತು. ವಿಕಿರಣಶೀಲತೆಯ ಶೋಧ ಹೀಗೆ ಆಯಿತು. ಹೆನ್ರಿಯ ಮಗ ಜ್ಯಾನ್ ಬೆಕೆರೆಲ್ 20ನೆಯ ಶತಮಾನದ ಆರಂಭದಲ್ಲಿ ವಿರಳ ಭಸ್ಮ ಧಾತುಗಳುಳ್ಳ ಹರಳುಗಳನ್ನು ಅತಿಶೀತದಲ್ಲಿಟ್ಟು ಅವುಗಳ ರೋಹಿತವನ್ನು ಪರೀಕ್ಷಿಸಿದನು. 1838ರಿಂದ 1948ರವರೆಗೆ, ನೂರಹತ್ತು ವರ್ಷಗಳ ಕಾಲ, ಒಂದೇ ಮನೆತನದ ನಾಲ್ಕು ತಲೆಮಾರುಗಳವರು ಒಬ್ಬರಾದ ಮೇಲೊಬ್ಬರು ಆ ಪೀಠದಲ್ಲಿ ಕುಳಿತರು.

ವಿರಳ ಭಸ್ಮ ಧಾತುಗಳು ಎಂದರೇನು? ಸೀರಿಯಂ, ನಿಯೋಡಿಮಿಯಂ, ಯುರೋಪಿಯಂ, ಟರ್ಬಿಯಂ, ಎರ್ಬಿಯಂ ಮೊದಲಾದ, ಒಂದನ್ನೊಂದು ಬಹುವಾಗಿ ಹೋಲುವ ಲೋಹಗಳ ಗುಂಪು ಅದು. ಇವುಗಳನ್ನು ಹರಳಿನಲ್ಲಾಗಲಿ ಗಾಜಿನಲ್ಲಾಗಲಿ ಅತ್ಯಲ್ಪವಾಗಿ ಬೆರೆಸಿದರೆ ಇವುಗಳ ಅಯಾನುಗಳು, ಎಂದರೆ ಕೆಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಪರಮಾಣುಗಳು, ಅಲ್ಲಲ್ಲಿ ನೆಲೆಸುತ್ತವೆ. ಬೆಳಕನ್ನು ಹೀರಿ ಹೊಮ್ಮಿಸುವ ಕೆಲಸವನ್ನು ಇಲ್ಲಿ ಸಾಮಾನ್ಯವಾಗಿ ಒಳಕವಚದ ಎಲೆಕ್ಟ್ರಾನುಗಳು ಮಾಡುತ್ತವೆ. ಹೊರಗಿನ ಕವಚಗಳು ಅವುಗಳನ್ನು ಕಾಪಾಡುತ್ತವೆ. ಹಲವು ಪ್ರಾಕಾರಗಳ ಒಳಗೆ ಗರ್ಭಗುಡಿಯಲ್ಲಿ ಉರಿಯುವ ದೀಪಕ್ಕೆ ಹೊರಗಿನ ಗಾಳಿ ಅಷ್ಟಾಗಿ ತಾಕದಂತೆ, ಸುತ್ತಲಿನ ಪರಮಾಣುಗಳ ತಳ್ಳಾಟ ಅವುಗಳಿಗೆ ಹೆಚ್ಚಾಗಿ ತಾಕುವುದಿಲ್ಲ. ಆದುದರಿಂದ ಅವುಗಳ ಬೆಳಕು ಸ್ಪಷ್ಟವಾದ ಬಣ್ಣದ್ದು, ಆಯುಷ್ಯವೂ ದೀರ್ಘವಾದದ್ದು.

ಉತ್ತೇಜಿತವಾದ ಇಂತಹ ಅಯಾನು ತನ್ನ ಶಕ್ತಿಯನ್ನು ಮೂರು ದಾರಿಗಳಲ್ಲಿ ಕಳೆದುಕೊಳ್ಳಬಹುದು. ಒಂದು, ಅದನ್ನು ಬೆಳಕಾಗಿ ಹೊರಸೂಸುವುದು. ಎರಡು, ಸುತ್ತಲಿನ ಪರಮಾಣುಗಳ ಕಂಪನಕ್ಕೆ ಕೊಟ್ಟು ಶಾಖವಾಗಿ ಕಳೆಯುವುದು. ಮೂರು, ನೆರೆಯ ಅಯಾನಿಗೆ ದಾಟಿಸುವುದು. ಹೀಗೆ ದಾಟಿದ ಶಕ್ತಿ ಕೈಯಿಂದ ಕೈಗೆ ಸಾಗುತ್ತಾ ಹರಳಿನ ದೋಷವಿರುವ ಯಾವುದೋ ಒಂದೆಡೆಯಲ್ಲಿ ಶಾಖವಾಗಿ ಮುಗಿದುಹೋಗಬಹುದು. ಹೊಳೆಯುವ ಧಾತುವನ್ನು ಅತಿಯಾಗಿ ಬೆರೆಸಿದರೆ ಹೊಳಪು ಹೆಚ್ಚುವ ಬದಲು ಕುಗ್ಗುವುದಕ್ಕೆ ಇದೇ ಕಾರಣ.

ಇವುಗಳಲ್ಲಿ ಯಾವ ದಾರಿಯಿಂದ ಎಷ್ಟು ನಷ್ಟವೆಂದು ತಿಳಿಯುವುದು ಹೇಗೆ? ತೂತುಬಿದ್ದ ಕೊಡವನ್ನು ನೆನೆದುಕೊಳ್ಳಿ. ಒಂದೇ ತೂತಿದ್ದರೆ ನೀರು ಬರಿದಾಗಲು ಹೆಚ್ಚು ಹೊತ್ತು ಬೇಕು. ಎರಡು, ಮೂರು ತೂತುಗಳಿದ್ದರೆ ಬೇಗನೆ ಬರಿದಾಗುತ್ತದೆ. ಬರಿದಾಗಲು ಹಿಡಿದ ಕಾಲವನ್ನು ಅಳೆದರೆ ಕಾಣದ ತೂತುಗಳ ಸುದ್ದಿ ತಿಳಿಯುತ್ತದೆ. ಅಯಾನಿನ ಸಂಗತಿಯೂ ಹೀಗೆಯೇ. 1962ರಲ್ಲಿ ಬ್ರಯನ್ ಜಡ್ ಮತ್ತು ಜಾರ್ಜ್ ಓಫೆಲ್ಟ್ ಎಂಬ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ನಿರೂಪಿಸಿದ ಸಿದ್ಧಾಂತವೊಂದರ ನೆರವಿನಿಂದ, ಬೆಳಕೊಂದೇ ದಾರಿಯಾಗಿದ್ದರೆ ಅಯಾನಿನ ಆಯುಷ್ಯ ಎಷ್ಟಾಗುತ್ತಿತ್ತು ಎಂಬುದನ್ನು ಲೆಕ್ಕಹಾಕಬಹುದು. ಪ್ರಯೋಗದಲ್ಲಿ ಅಳೆದ ಆಯುಷ್ಯ ಅದಕ್ಕಿಂತ ಕಡಿಮೆಯಾಗಿದ್ದರೆ, ಉಳಿದ ದಾರಿಗಳಲ್ಲಿ ಶಕ್ತಿ ಸೋರಿಹೋಗುತ್ತಿದೆ ಎಂದರ್ಥ.

ಒಂದು ಉದಾಹರಣೆಯನ್ನು ನೋಡೋಣ. ಯುರೋಪಿಯಂ ಅಯಾನನ್ನು ಸಾಮಾನ್ಯ ನೀರಿನಲ್ಲಿ ಕರಗಿಸಿದರೆ ಅದರ ಹೊಳಪಿನ ಆಯುಷ್ಯ ಸೆಕೆಂಡಿನ ಹತ್ತು ಸಾವಿರದಲ್ಲಿ ಸುಮಾರು ಒಂದು ಭಾಗ. ಭಾರಜಲದಲ್ಲಿ ಕರಗಿಸಿದರೆ ಅದು ಹತ್ತು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ಭಾರಜಲದಲ್ಲಿ ಹೈಡ್ರೊಜನ್ ಪರಮಾಣುವಿನ ತೂಕ ಇಮ್ಮಡಿಯಾಗಿರುವುದರಿಂದ ಅದರ ಕಂಪನ ನಿಧಾನವಾದದ್ದು. ಅಂತಹ ಕಂಪನಕ್ಕೆ ಯುರೋಪಿಯಂನ ಶಕ್ತಿಯನ್ನು ಕಸಿದುಕೊಳ್ಳುವುದು ಕಷ್ಟ. ಕಾಲವನ್ನಷ್ಟೇ ಅಳೆದು, ಅಯಾನಿನ ಪಕ್ಕದಲ್ಲಿ ನಿಂತಿರುವ ನೀರಿನ ಅಣುವಿನ ಸ್ವಭಾವವನ್ನು ಹೀಗೆ ತಿಳಿಯಬಹುದು.

ಇಂದು ಈ ಅಳತೆಗೆ ಲೇಸರಿನ ಅತಿ ಕಿರಿಯ ಮಿಂಚನ್ನೂ ಸೂಕ್ಷ್ಮವಾದ ವಿದ್ಯುನ್ಮಾನ ಸಾಧನಗಳನ್ನೂ ಬಳಸುತ್ತಾರೆ. ಎಲ್‌ಇಡಿ ದೀಪಗಳಲ್ಲಿ ಬಿಳಿಯ ಬೆಳಕನ್ನು ಪಡೆಯಲು ಬಳಸುವ ಸೀರಿಯಂನ ಆಯುಷ್ಯ ಸೆಕೆಂಡಿನ ಕೋಟಿಯಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಅದನ್ನೂ ಈಗ ಸಲೀಸಾಗಿ ಅಳೆಯುತ್ತಾರೆ. ಗಾಜಿನ ಎಳೆಯಲ್ಲಿ ಬೆರೆತ ಎರ್ಬಿಯಂ ತನ್ನ ಶಕ್ತಿಯನ್ನು ಸೆಕೆಂಡಿನ ನೂರರಲ್ಲಿ ಸುಮಾರು ಒಂದು ಭಾಗದಷ್ಟು ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಪರಮಾಣುವಿನ ಲೆಕ್ಕದಲ್ಲಿ ಅದು ಬಹು ದೀರ್ಘಕಾಲ. ಆ ಶಕ್ತಿಯಿಂದಲೇ ಸಮುದ್ರದ ತಳದಲ್ಲಿ ಖಂಡದಿಂದ ಖಂಡಕ್ಕೆ ಸಂದೇಶವನ್ನು ಹೊತ್ತು ಸಾಗುವ ಬೆಳಕು ದಾರಿಯಲ್ಲಿ ಸೊರಗದೆ ಮತ್ತೆ ಮತ್ತೆ ಬಲವನ್ನು ಪಡೆಯುತ್ತದೆ. 1990ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ, ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ ಬೆರೆತ ವಸ್ತುವೊಂದು ರಾತ್ರಿಯಿಡೀ ಹೊಳೆಯಬಲ್ಲದು. ಕಟ್ಟಡಗಳಲ್ಲಿ ಅಪಾಯದ ಸಮಯದಲ್ಲಿ ಹೊರದಾರಿಯನ್ನು ತೋರಿಸುವ ಫಲಕಗಳಿಗೆ ಅದನ್ನು ಬಳಸುತ್ತಾರೆ. ಉಪಕರಣಗಳು ಎಷ್ಟೇ ಬದಲಾದರೂ ಅಳೆಯುವ ತತ್ತ್ವ ಹಿಂದಿನದೇ: ಬೆಳಕು ಬೀರು, ಬಾಗಿಲು ಮುಚ್ಚು, ಕಾದು ನೋಡು.

ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೊರೆದಿರುವ ಎಪ್ಪತ್ತೆರಡು ಹೆಸರುಗಳಲ್ಲಿ ಬೆಕೆರೆಲ್ ಎಂಬ ಹೆಸರೂ ಇದೆ. ಅದು ತಂದೆಯ ಹೆಸರು. ವಿಕಿರಣಶೀಲತೆಯನ್ನು ಅಳೆಯುವ ಮಾನಕ್ಕೆ 1975ರಿಂದ ಬೆಕೆರೆಲ್ ಎಂಬ ಹೆಸರಿದೆ. ಅದು ಮಗನ ಹೆಸರು. ಇಬ್ಬರ ನಡುವೆ ನಿಂತ ಎಡ್ಮಂಡನನ್ನು ಲೋಕ ಅಷ್ಟಾಗಿ ನೆನೆಯುವುದಿಲ್ಲ. ಆದರೆ ತಂದೆಯಿಂದ ಪಡೆದ ವಿದ್ಯೆಯನ್ನು ಬೆಳೆಸಿ ಮಗನ ಕೈಗಿತ್ತವನು ಅವನೇ. ಅವನು ಹೇಳಿದ ಕಾರಣಗಳಲ್ಲಿ ಕೆಲವು ಇಂದು ಉಳಿದಿಲ್ಲ. ಅವನು ಹಾಕಿಕೊಟ್ಟ ಅಳತೆಯ ದಾರಿ ಉಳಿದಿದೆ. ಕಾರಣವನ್ನು ಊಹಿಸುವುದರಲ್ಲಿ ಜಾಣರೂ ಎಡವಬಹುದು. ಪ್ರಾಮಾಣಿಕವಾಗಿ ಅಳೆದದ್ದು ಮಾತ್ರ ಮುಂದೆ ಬರುವವರೆಲ್ಲರಿಗೂ ಮೆಟ್ಟಿಲಾಗಿ ನಿಲ್ಲುತ್ತದೆ. ಕತ್ತಲೆಯ ಡಬ್ಬಿಯೊಳಗೆ ಕಣ್ಣಿಟ್ಟು, ಕೈಹಿಡಿಯನ್ನು ತಿರುಗಿಸುತ್ತಾ, ಆರಿಹೋಗುವ ಬೆಳಕಿಗಾಗಿ ತಾಳ್ಮೆಯಿಂದ ಕಾದ ಎಡ್ಮಂಡ್ ಬೆಕೆರೆಲ್‌ನ ಬಾಳು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.